ಹಸಿರಾಗಿ ನಿಂತ ತೊಗರಿಯಲ್ಲಿ ಕಾಳು ಏಕಿಲ್ಲ?

ವಿಜಯಪುರ ಜಿಲ್ಲೆಯಲ್ಲಿ ಬರಗಾಲದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, ಈ ವರ್ಷ ಮಳೆ ಎಷ್ಟು ಮಿಲಿಮೀಟರ್ ಆಯಿತು ಎಂಬುದು. ಇಲ್ಲಿಯ ವಾಡಿಕೆ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದಕ್ಕಿಂತ ಎಷ್ಟು ಕಡಿಮೆ ಬಿತ್ತು ಎಂಬ ಲೆಕ್ಕದ ಸುತ್ತಲೇ ತಾಲ್ಲೂಕು ಬರಪೀಡಿತ ಹೌದೋ ಅಲ್ಲವೋ ಎಂಬ ಚರ್ಚೆ ನಡೆಯುತ್ತದೆ. ತೊಗರಿ, ಕಡಲೆ, ಹೆಸರು, ಶೇಂಗಾಗಳಂಥ ದ್ವಿದಳ ಬೆಳೆಗಳನ್ನು ನಂಬಿ ಬದುಕುವ ನಮ್ಮಂಥ ಒಣ ಬೇಸಾಯದ ಮನೆಗಳಿಗೆ ಆ ಒಂದು ಅಂಕಿ ಹೇಳುವುದು ಬಹಳ ಕಡಿಮೆ. ಈ ಬೆಳೆಗಳ ಇಳುವರಿಯನ್ನು ನಿರ್ಧರಿಸುವುದು ಮುಖ್ಯವಾಗಿ ತೇವ ಯಾವ ವಾರದಲ್ಲಿ ತಪ್ಪಿತು ಎಂಬ ಸಂಗತಿ. ಹಾನಿಯಾದರೂ ಕಣ್ಣಿಗೆ ಕಾಣುವ ಎಲೆಯಲ್ಲಿ ಆರಂಭವಾಗದೆ ನೆಲದೊಳಗಿನ ಬೇರಿನಲ್ಲಿ ಆರಂಭವಾಗುತ್ತದೆ. ಎಲೆ ಬಾಡುವ ಹೊತ್ತಿಗೆ ಆ ವರ್ಷದ ಕಾಳಿನ ಒಂದು ದೊಡ್ಡ ಪಾಲು ಈಗಾಗಲೇ ಕೈತಪ್ಪಿರುತ್ತದೆ.

2023ನೇ ವರ್ಷವನ್ನು ನೆನೆಯಬಹುದು. ಮುಂಗಾರು ಒಂದು ವಾರ ತಡವಾಗಿ ಕೇರಳವನ್ನು ಮುಟ್ಟಿತು, ಜುಲೈನಲ್ಲಿ ಚೇತರಿಸಿಕೊಂಡಿತು, ಆಮೇಲೆ ಆಗಸ್ಟ್ ಪೂರ್ತಿ ಕೈಕೊಟ್ಟಿತು. 1901ರಿಂದ ಈಚೆಗಿನ ದಾಖಲೆಯಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಮತ್ತೊಂದಿರಲಿಲ್ಲ. ಮಳೆ ಸರಾಸರಿಗಿಂತ ಶೇ 36ರಷ್ಟು ಕಡಿಮೆಯಾಗಿತ್ತು. ರಾಜ್ಯದಲ್ಲಿ ಕೊನೆಗೆ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಆದರೆ ಒಂದೇ ಹೊಲದ ಎರಡು ಪಟ್ಟಿಗಳಲ್ಲಿ ಆ ಆಗಸ್ಟ್ ಮಾಡಿದ ಕೆಲಸ ಒಂದೇ ಆಗಿರಲಿಲ್ಲ. ಅರವತ್ತು ಅರವತ್ತೈದು ದಿನಗಳಲ್ಲಿ ಬದುಕು ಮುಗಿಸುವ ಹೆಸರಿಗೆ ಅದು ಹೂವು ಮತ್ತು ಎಳೆಗಾಯಿಯ ತಿಂಗಳು; ಆ ನಷ್ಟವನ್ನು ತುಂಬಿಕೊಳ್ಳಲು ಅದಕ್ಕೆ ಮುಂದೆ ದಿನಗಳೇ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ತೊಗರಿಗೆ ಅದು ಇನ್ನೂ ಕೊಂಬೆಯೊಡೆಯುವ ಹೊತ್ತು. ಗಿಡ ಗಿಡ್ಡವಾಯಿತು, ಕೊಂಬೆ ಕಡಿಮೆಯಾದವು, ಆದರೆ ಅದರ ಹೂವಿನ ಕಾಲ ಇನ್ನೂ ಎರಡು ತಿಂಗಳು ದೂರವಿತ್ತು. ಮಳೆಯ ಕೊರತೆ ಎರಡಕ್ಕೂ ಸಮನಾಗಿತ್ತು, ನಷ್ಟ ಸಮನಾಗಿರಲಿಲ್ಲ.

ನೆಲದೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದ್ವಿದಳ ಬೆಳೆಯನ್ನು ಜೋಳ ಸಜ್ಜೆಗಳಿಂದ ಬೇರೆ ಮಾಡುವುದು ಅಲ್ಲಿಯ ವ್ಯವಹಾರವೇ. ಬಿತ್ತಿದ ಮೂರು ನಾಲ್ಕು ವಾರಗಳಲ್ಲಿ ಕಡಲೆ ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎಬ್ಬಿಸಿ ಬೇರು ತೊಳೆದು ನೋಡಿದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ರೈಜೋಬಿಯಂ ಎಂಬ ಸೂಕ್ಷ್ಮಾಣುಗಳು ಈ ಗಂಟುಗಳಲ್ಲಿ ನೆಲೆಸಿ, ಗಾಳಿಯಲ್ಲಿರುವ ಸಾರಜನಕವನ್ನು ಗಿಡ ಬಳಸಬಲ್ಲ ರೂಪಕ್ಕೆ ತರುತ್ತವೆ; ಪ್ರತಿಯಾಗಿ ಗಿಡ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಅವಕ್ಕೆ ಇಳಿಸಿಕೊಡುತ್ತದೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಬೇಕು. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತುವಿನದು. ಸಾರಜನಕವನ್ನು ಹಿಡಿಯುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಡುತ್ತದೆ; ಆದರೆ ಅದೇ ಗಂಟಿನ ಸೂಕ್ಷ್ಮಾಣುಗಳಿಗೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟನ್ನು ಬಗೆಹರಿಸುವುದು ಲೆಗ್‌ಹಿಮೋಗ್ಲೋಬಿನ್. ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟನ್ನೇ ಅಳೆದು ಒದಗಿಸುತ್ತದೆ.

ತೇವ ಕಡಿಮೆಯಾಗತೊಡಗಿದಾಗ ಈ ಏರ್ಪಾಡು ಹಲವು ಕಡೆಗಳಿಂದ ಒಟ್ಟಿಗೆ ಸಡಿಲಗೊಳ್ಳುತ್ತದೆ. ಗಂಟಿನ ಹೊರಪದರದ ಮೂಲಕ ಆಮ್ಲಜನಕ ಒಳಹೋಗುವುದು ಕಡಿಮೆಯಾಗುತ್ತದೆ. ಬಂದ ಸಕ್ಕರೆಯನ್ನು ಒಡೆದು ಬಳಸುವ ಶಕ್ತಿ ಗಂಟಿನಲ್ಲಿ ಕುಗ್ಗುತ್ತದೆ. ತಯಾರಾದ ಸಾರಜನಕದ ಸಂಯುಕ್ತಗಳನ್ನು ಮೇಲಕ್ಕೊಯ್ಯಬೇಕಾದ ನೀರಿನ ಹರಿವು ಕ್ಷೀಣಿಸಿ, ಅವು ಅಲ್ಲಲ್ಲಿಯೇ ಕೂಡಿಬಿದ್ದು ಹೊಸ ತಯಾರಿಕೆಯನ್ನೇ ತಡೆಯುತ್ತವೆ. ಸೋಯಾ ಅವರೆ ಮತ್ತು ಅಲಸಂದೆಗಳು ಸಾರಜನಕವನ್ನು ಯೂರೈಡ್ ಎಂಬ ಸಂಯುಕ್ತಗಳ ರೂಪದಲ್ಲಿ ಸಾಗಿಸುತ್ತವೆ, ಕಡಲೆಯೂ ಶೇಂಗಾವೂ ಅಮೈಡ್ ಎಂಬ ಬೇರೆ ಸಂಯುಕ್ತಗಳ ರೂಪದಲ್ಲಿ ಸಾಗಿಸುತ್ತವೆ. ಮೊದಲ ಗುಂಪಿನಲ್ಲಿ ಸಾರಜನಕದ ತಯಾರಿಕೆ ತೇವದ ಕೊರತೆಗೆ ಬೇಗ ಕುಸಿಯುತ್ತದೆ, ಎರಡನೆಯ ಗುಂಪು ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ ಎಂಬುದು ಸಂಶೋಧಕರು ಕಂಡುಕೊಂಡ ಸಂಗತಿ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಹಲವು ದ್ವಿದಳ ಬೆಳೆಗಳಲ್ಲಿ ಈ ಕುಸಿತ ಎಲೆಯ ದ್ಯುತಿಸಂಶ್ಲೇಷಣೆ ಕುಸಿಯುವುದಕ್ಕಿಂತ ಮೊದಲೇ ಆರಂಭವಾಗುತ್ತದೆ. ಮೇಲೆ ಗಿಡ ಹಸಿರಾಗಿ ನಿಂತಿರುವಾಗಲೇ ಕೆಳಗೆ ಗಂಟಿನ ನಸುಗೆಂಪು ಬೂದಿಗೋ ಕಂದಿಗೋ ತಿರುಗಿರಬಹುದು.

ಇದರ ಬೆಲೆ ಎಷ್ಟು ಎಂಬುದನ್ನು ಸಾಧಾರಣ ಲೆಕ್ಕದಿಂದ ತಿಳಿಯಬಹುದು. ಬೇಳೆಕಾಳಿನಲ್ಲಿ ಸುಮಾರು ಶೇ 20ರಷ್ಟು ಪ್ರೊಟೀನ್ ಇರುತ್ತದೆ, ಪ್ರೊಟೀನಿನ ಆರನೇ ಒಂದು ಭಾಗದಷ್ಟು ಸಾರಜನಕ. ಅಂದರೆ ಒಂದು ಕ್ವಿಂಟಲ್ ಕಾಳಿಗೆ ಮೂರು ಕಿಲೋಗಿಂತ ತುಸು ಹೆಚ್ಚು ಸಾರಜನಕ ಬೇಕು. ಎಕರೆಗೆ ಐದು ಕ್ವಿಂಟಲ್ ಬೆಳೆಯಬೇಕಾದರೆ ಕಾಳಿಗಷ್ಟೇ 16 ಕಿಲೋ, ಎಲೆ ಕಾಂಡ ಬೇರುಗಳ ಪಾಲು ಬೇರೆ. ಈ 16 ಕಿಲೋ ಸುಮಾರು 35 ಕಿಲೋ ಯೂರಿಯಾದಲ್ಲಿರುವ ಸಾರಜನಕಕ್ಕೆ ಸಮ. ಗಂಟುಗಳು ಕೆಲಸ ನಿಲ್ಲಿಸಿದಾಗ ಗಿಡ ತನ್ನ ಎಲೆಗಳಲ್ಲಿರುವ ಸಾರಜನಕವನ್ನೇ ಕಿತ್ತು ಕಾಳಿಗೆ ಕಳಿಸತೊಡಗುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ ಉದುರುವುದು ಅದಕ್ಕಾಗಿಯೇ. ಎಲೆ ಉದುರಿದಷ್ಟೂ ಸಕ್ಕರೆ ತಯಾರಿಕೆ ಕುಗ್ಗುತ್ತದೆ, ಸಕ್ಕರೆ ಕುಗ್ಗಿದಷ್ಟೂ ಗಂಟು ಮತ್ತು ಕಾಳು ಎರಡೂ ಸೊರಗುತ್ತವೆ. ಒಣ ವರ್ಷದ ಕಡಲೆ ಹತ್ತು ಹದಿನೈದು ದಿನ ಮೊದಲೇ ಮಾಗಿ ರಾಶಿಗೆ ಬರುವುದನ್ನು ನೋಡಿ ಬೆಳೆ ಬೇಗ ಬಂತೆಂದು ಸಂತೋಷಪಡುವವರಿದ್ದಾರೆ. ಅದು ಗಿಡ ತನ್ನ ಎಲೆಯನ್ನು ಕರಗಿಸಿ ಕಾಳು ಉಳಿಸಿಕೊಂಡ ಗುರುತು.

ಎಲೆಯ ಮಟ್ಟದಲ್ಲಿ ನಡೆಯುವುದು ಹೆಚ್ಚು ಜನರಿಗೆ ತಿಳಿದಿರುವ ವಿಷಯ. ಮಣ್ಣು ಒಣಗುವುದನ್ನು ಗ್ರಹಿಸಿದ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಹೆಚ್ಚುತ್ತದೆ, ಅದರ ಸೂಚನೆಯಂತೆ ಎಲೆಯ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೀರು ಉಳಿಯುತ್ತದೆ. ಆದರೆ ಅದೇ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಒಳಬರಬೇಕು. ನೀರು ಆವಿಯಾಗಿ ಎಲೆ ತಂಪಾಗುವುದೂ ಅದೇ ದಾರಿಯಿಂದ. ಹೊಸ ಎಲೆಗಳ ಹಿಗ್ಗುವಿಕೆ ಇದಕ್ಕೂ ಮೊದಲೇ ನಿಂತಿರುತ್ತದೆ. ದ್ವಿದಳ ಗಿಡಗಳಿಗೆ ಇನ್ನೊಂದು ಉಪಾಯವೂ ಗೊತ್ತು: ಎಲೆಯ ತೊಟ್ಟಿನ ಬುಡದಲ್ಲಿರುವ ದಪ್ಪನೆಯ ಕೀಲಿನ ಸಹಾಯದಿಂದ ಅವು ಮಧ್ಯಾಹ್ನದ ಹೊತ್ತು ಎಲೆಯನ್ನು ಬಿಸಿಲಿನ ಕಿರಣಗಳಿಗೆ ಸಮಾಂತರವಾಗಿ ತಿರುಗಿಸಿ ನಿಲ್ಲಿಸುತ್ತವೆ. ಹೆಸರಿನ ಹೊಲವನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ನೋಡಿದವರಿಗೆ ಈ ವ್ಯತ್ಯಾಸ ಕಾಣದೆ ಇರಲಾರದು. ಎಲೆ ತಿರುಗಿಸಿಕೊಂಡ ಗಿಡ ಇನ್ನೂ ಬಾಡಿಲ್ಲ, ಆದರೆ ತೇವದ ಕೊರತೆಯನ್ನು ಅದು ಆಗಲೇ ಅನುಭವಿಸುತ್ತಿದೆ. ಮರುದಿನ ಬೆಳಿಗ್ಗೆ ಎಂಟು ಗಂಟೆಗೂ ಎಲೆ ನೆಟ್ಟಗಾಗದಿದ್ದರೆ ಸ್ಥಿತಿ ಗಂಭೀರವಾಗಿದೆ ಎಂದು ನಾನು ತೀರ್ಮಾನಿಸುತ್ತೇನೆ.

ಬಸವನ ಬಾಗೇವಾಡಿ ತಾಲ್ಲೂಕಿನ ನಮ್ಮ ಹೊಲದಲ್ಲಿ ದೀಪಾವಳಿಯ ಆಚೀಚೆ ತೊಗರಿ ಎದೆಯೆತ್ತರ ನಿಂತಾಗ ನಾವೆಲ್ಲ ಹಿಗ್ಗುತ್ತಿದ್ದರೆ ನಮ್ಮ ಕಾಕಾ ಒಂದೇ ಮಾತು ಹೇಳುತ್ತಿದ್ದರು: "ಗಿಡಾ ನೋಡಿ ಮೋಸ ಹೋಗಬ್ಯಾಡ್ರಿ, ಕಾಯಿ ಎಣಸ್ರಿ." ಕೃಷಿ ಪದವಿಯ ತರಗತಿಗಳಲ್ಲಿ ಇಳುವರಿಯ ಘಟಕಗಳೆಂದು ನಾನು ಓದಿದ್ದು ಇದನ್ನೇ. ಗಿಡಕ್ಕೆ ಎಷ್ಟು ಕಾಯಿ, ಕಾಯಿಗೆ ಎಷ್ಟು ಕಾಳು, ನೂರು ಕಾಳಿಗೆ ಎಷ್ಟು ತೂಕ. ಈ ಮೂರೂ ಬೇರೆ ಬೇರೆ ವಾರಗಳಲ್ಲಿ ನಿಶ್ಚಯವಾಗುತ್ತವೆ. ಹೂವಿನ ಹೊತ್ತಿಗೆ ತೇವ ತಪ್ಪಿದರೆ ಪರಾಗ ಬಲಹೀನವಾಗುತ್ತದೆ, ಹೂವೂ ಎಳೆಗಾಯಿಯೂ ಉದುರುತ್ತವೆ, ಕಾಯಿಯ ಸಂಖ್ಯೆಯೇ ಇಳಿಯುತ್ತದೆ. ಕಾಯಿ ಕಟ್ಟಿದ ಮೇಲೆ ತಪ್ಪಿದರೆ ಕೆಲವು ಕಾಳು ಬಲಿಯದೆ ಸುಕ್ಕುಗಟ್ಟುತ್ತವೆ. ಕಾಳು ತುಂಬುವ ಕೊನೆಯಲ್ಲಿ ತಪ್ಪಿದರೆ ಸಂಖ್ಯೆ ಉಳಿದು ತೂಕ ಕಡಿಮೆಯಾಗುತ್ತದೆ. ಇವುಗಳಲ್ಲಿ ಮೊದಲನೆಯದು ಅತ್ಯಂತ ದುಬಾರಿ, ಏಕೆಂದರೆ ಕಾಯಿಯ ಸಂಖ್ಯೆ ಒಮ್ಮೆ ಇಳಿದ ಮೇಲೆ ಉಳಿದ ಕಾಳು ಎಷ್ಟೇ ದಪ್ಪವಾದರೂ ಆ ಕೊರತೆ ತುಂಬುವುದಿಲ್ಲ.

ತೊಗರಿಯಲ್ಲಿ ಒಳ್ಳೆಯ ವರ್ಷದಲ್ಲೂ ಹತ್ತು ಹೂವಿನಲ್ಲಿ ಎಂಟರಷ್ಟು ಉದುರುತ್ತವೆ. ಆದ್ದರಿಂದ ಹೂ ಉದುರಿದ್ದನ್ನು ಕಂಡೊಡನೆ ಗಾಬರಿಯಾಗುವ ಅಗತ್ಯವಿಲ್ಲ. ಉಳಿದ ಎರಡು ಹೂವಿನಲ್ಲಿ ಎಷ್ಟು ಕಾಯಿಯಾದವು ಎಂಬುದನ್ನು ನೋಡಬೇಕು. ತೊಗರಿಯ ಬೇರು ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಒಂದೂವರೆ ಮೀಟರಿಗೂ ಆಳಕ್ಕಿಳಿಯಬಲ್ಲದು, ಗಿಡದ ಮೂಲ ಸ್ವಭಾವ ಬಹುವಾರ್ಷಿಕ, ಮೊದಲ ಹೂವಿನ ಸುತ್ತು ಹಾಳಾದರೂ ನವೆಂಬರಿನಲ್ಲಿ ಒಂದು ಮಳೆ ಬಿದ್ದರೆ ಮತ್ತೆ ಹೂ ಬಿಡುವ ತಾಕತ್ತು ಅದಕ್ಕಿದೆ. ಈ ಗುಣಗಳೇ ನಮ್ಮ ಜಿಲ್ಲೆಯನ್ನು ಕಲಬುರಗಿಯ ಜೊತೆಗೆ ತೊಗರಿಯ ನಾಡನ್ನಾಗಿ ಮಾಡಿವೆ. ಆದರೆ ಅದೇ ಗುಣ ನೋಡುವವರನ್ನು ದಾರಿ ತಪ್ಪಿಸುತ್ತದೆ: ಆಳದ ತೇವದ ಬಲದಿಂದ ಗಿಡ ಹಸಿರಾಗಿಯೇ ಇರುತ್ತದೆ, ಸ್ವಾತಿ ಮಳೆ ಬಾರದ ಹೂವಿನ ಕಾಲದಲ್ಲಿ ಹೂವು ಮಾತ್ರ ಉದುರಿ ಹೋಗಿರುತ್ತದೆ. ರಸ್ತೆಯ ಮೇಲಿಂದ ನೋಡಿದವರಿಗೆ ಅದು ಬಂಪರ್ ಬೆಳೆ. ಹೊಲದೊಳಗೆ ಕಾಲಿಟ್ಟವರಿಗೆ ಮಾತ್ರ ಅದರ ನಿಜ ಗೊತ್ತಾಗುತ್ತದೆ.

ಕಡಲೆಯ ಕಥೆ ಇದಕ್ಕಿಂತ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಕುತೂಹಲದ್ದು. ಹಿಂಗಾರಿ ಕಡಲೆ ಬಹುಮಟ್ಟಿಗೆ ಬೀಳಲಿರುವ ಮಳೆಯನ್ನು ನಂಬುವ ಬೆಳೆಯೇ ಅಲ್ಲ. ಉತ್ತರಿ, ಹಸ್ತ, ಚಿತ್ತಾ ಮಳೆಗಳು ಎರೆ ಭೂಮಿಯಲ್ಲಿ ತುಂಬಿಟ್ಟು ಹೋದದ್ದೇ ಅದರ ಬಂಡವಾಳ. ಒಂದು ಮೀಟರ್ ಆಳದ ಒಳ್ಳೆಯ ಎರೆ ಮಣ್ಣು ಗಿಡಕ್ಕೆ ದಕ್ಕುವಂಥ 150ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಡಬಲ್ಲದು. ಹಗೇವಿನಲ್ಲಿ ಜೋಳ ತುಂಬಿಟ್ಟುಕೊಂಡ ಮನೆಯ ಹಾಗೆ, ಹೊಸ ಆದಾಯವಿಲ್ಲದೆ ಇದ್ದದ್ದನ್ನೇ ಸುಗ್ಗಿಯವರೆಗೆ ಸಾಗಿಸಬೇಕು. ಆದ್ದರಿಂದ ಕಡಲೆಗೆ ಬರುವ ಬರ ಯಾವಾಗಲೂ ಕೊನೆಯ ಬರ: ಜನವರಿಯಲ್ಲಿ ಬಿಸಿಲು ಏರುತ್ತಾ, ಮೇಲಿನ ಮಣ್ಣು ಬಿರುಕು ಬಿಡುತ್ತಾ, ಕಾಯಿ ತುಂಬುವ ಹೊತ್ತಿಗೆ ಸರಿಯಾಗಿ ತೇವ ಕೆಳಗಿಳಿಯುತ್ತದೆ. ಇದು ನಾಲ್ಕು ವರ್ಷಕ್ಕೊಮ್ಮೆ ಬರುವ ಆಪತ್ತಲ್ಲ, ಪ್ರತಿ ವರ್ಷವೂ ಇದ್ದದ್ದೇ. ವರ್ಷದಿಂದ ವರ್ಷಕ್ಕೆ ಬದಲಾಗುವುದು ಅದು ಎಷ್ಟು ಬೇಗ ಬಂತೆಂಬುದು ಮಾತ್ರ.

ಕೊನೆಯ ಬರದಿಂದ ಪಾರಾಗುವ ಒಂದು ದಾರಿ ಅದು ಬರುವ ಮೊದಲೇ ಮುಗಿಸುವುದು. ಅಣ್ಣಿಗೇರಿ-1 ತಳಿ ದಶಕಗಳ ಕಾಲ ಈ ಸೀಮೆಯನ್ನು ಆಳಿದ್ದು ಅದರ ಅಲ್ಪಾವಧಿಯ ಬಲದಿಂದ; ಆಮೇಲೆ 1999ರಲ್ಲಿ ಬಿಡುಗಡೆಯಾದ ಜೆಜಿ-11 ಅದೇ ಗುಣಕ್ಕೆ ಹೆಚ್ಚು ದಪ್ಪ ಕಾಳು ಮತ್ತು ಸೊರಗು ರೋಗದ ನಿರೋಧಕತೆಯನ್ನು ಸೇರಿಸಿ ಮನೆಮಾತಾಯಿತು. ಇನ್ನೊಂದು ದಾರಿ ಆಳದ ಬೇರು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಐಸಿಸಿ 4958 ಎಂಬ ಕಡಲೆಯ ಬೇರು ಬೇಗ, ಆಳವಾಗಿ, ಹುಲುಸಾಗಿ ಬೆಳೆಯುವುದನ್ನು ಗುರುತಿಸಿ, ಅದಕ್ಕೆ ಕಾರಣವಾದ ವಂಶವಾಹಿಗಳ ಒಂದು ಗುಂಪನ್ನು ಪತ್ತೆಮಾಡಿ, ಅದನ್ನು ಜೆಜಿ-11ರಂಥ ತಳಿಗಳಿಗೆ ಸೇರಿಸುವ ಕೆಲಸ ನಡೆಯಿತು. ಆದರೆ ಅಲ್ಲಿಯದೇ ಮುಂದಿನ ಅಧ್ಯಯನಗಳು ಇನ್ನೊಂದು ಸೂಕ್ಷ್ಮವನ್ನು ತೋರಿಸಿದವು. ಕೊನೆಯ ಬರವನ್ನು ಚೆನ್ನಾಗಿ ತಾಳಿದ ಹಲವು ಕಡಲೆಗಳ ಗುಟ್ಟು ಬೇರಿನ ಆಳಕ್ಕಿಂತ ಹೆಚ್ಚಾಗಿ ಅವುಗಳ ಮಿತವ್ಯಯದಲ್ಲಿತ್ತು. ಮೊದಲ ತಿಂಗಳಲ್ಲಿ, ನೀರು ಧಾರಾಳವಾಗಿದ್ದಾಗಲೇ, ಅವು ಕಡಿಮೆ ನೀರು ಬಳಸಿ ಕಾಳು ತುಂಬುವ ದಿನಗಳಿಗೆ ಸ್ವಲ್ಪ ಉಳಿಸಿಕೊಳ್ಳುತ್ತಿದ್ದವು. ನನಗೆ ಇದು ಬಹಳ ಮಹತ್ವದ ಮಾತಾಗಿ ತೋರುತ್ತದೆ. ಡಿಸೆಂಬರಿನಲ್ಲಿ ಅತ್ಯಂತ ಸೊಂಪಾಗಿ ಕಾಣುವ ಕಡಲೆಯೇ ಫೆಬ್ರವರಿಯಲ್ಲಿ ಅತ್ಯಂತ ಹೆಚ್ಚು ಕಾಳು ಕೊಡುತ್ತದೆ ಎಂಬ ನಂಬಿಕೆಯನ್ನು ಇದು ಅಲುಗಿಸುತ್ತದೆ.

ನಮ್ಮ ಕಡೆಯ ಹೆಣ್ಣುಮಕ್ಕಳು ಬಿತ್ತಿದ ಒಂದು ತಿಂಗಳಿಗೆ ಕಡಲೆಯ ಕುಡಿ ಚಿವುಟಿ ಪಲ್ಯೆ ಮಾಡುವ ರೂಢಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಕುಡಿ ಚಿವುಟಿದ ಗಿಡ ಮೇಲಕ್ಕೆ ಓಡುವುದನ್ನು ಬಿಟ್ಟು ಪಕ್ಕದ ಕೊಂಬೆಗಳನ್ನು ಬಿಡುತ್ತದೆ, ಕೊಂಬೆ ಹೆಚ್ಚಿದರೆ ಹೂ ಕೂಡುವ ಜಾಗ ಹೆಚ್ಚುತ್ತದೆ. ಕೃಷಿ ವಿಶ್ವವಿದ್ಯಾಲಯಗಳೂ ಇದನ್ನೇ ಶಿಫಾರಸು ಮಾಡುತ್ತವೆ. ಆದರೆ ಹೂ ಕಾಣಿಸಿಕೊಂಡ ಮೇಲೆ ಚಿವುಟುವುದು ಸಲ್ಲದು, ಹಸ್ತ ಚಿತ್ತಾ ಎರಡೂ ತಪ್ಪಿ ಗಿಡ ಗೇಣುದ್ದವೂ ಬೆಳೆಯದ ವರ್ಷದಲ್ಲಿಯೂ ಚಿವುಟಬಾರದು. ಕಳೆದುಕೊಳ್ಳಲು ಎಲೆಯೇ ಇಲ್ಲದ ಗಿಡಕ್ಕೆ ಅದು ಎರಡನೆಯ ಪೆಟ್ಟು.

ತೇವದ ಕೊರತೆ ಒಂಟಿಯಾಗಿ ಬರುವುದಿಲ್ಲ ಎಂಬುದಕ್ಕೆ ಕಡಲೆಯ ಒಣ ಬೇರುಕೊಳೆ ರೋಗ ಸಾಕ್ಷಿ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಇದಕ್ಕೆ ಕಾರಣ. ತೇವವಿದ್ದಾಗ, ಹವೆ ತಂಪಾಗಿದ್ದಾಗ ಅದು ಅಷ್ಟಾಗಿ ಕಾಡದು. ಮಣ್ಣು ಒಣಗಿ ಬಿಸಿ 30 ಡಿಗ್ರಿ ದಾಟಿದಾಗ, ಅದೂ ಹೂವು ಕಾಯಿಯ ಹಂತದಲ್ಲಿ, ಹೊಲದಲ್ಲಿ ಅಲ್ಲಲ್ಲಿ ಗಿಡಗಳು ಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಕಿತ್ತು ನೋಡಿದರೆ ಪಕ್ಕದ ಬೇರುಗಳಿಲ್ಲದೆ ತಾಯಿಬೇರು ಮಾತ್ರ ಕರ್ರಗೆ ಪೆಡಸಾಗಿ, ಮುಟ್ಟಿದರೆ ಮುರಿಯುವಂತೆ ಬರುತ್ತದೆ. ಹೊಲದಲ್ಲಿ ಎಲ್ಲ ಬಾಡುವಿಕೆಯನ್ನೂ ಸೊರಗು, ನೆಟೆ ಎಂದು ಒಂದೇ ಹೆಸರಿನಿಂದ ಕರೆಯುವುದುಂಟು. ಆದರೆ ಒಣ ಬೇರುಕೊಳೆ ಬರದ ಹೆಗಲೇರಿ ಬರುವ ರೋಗ. ಸೊರಗು ರೋಗ ತಡೆಯುವ ತಳಿ ಬಿತ್ತಿದ್ದರೂ ಇದು ಬರಬಹುದು. ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸುವುದು, ಒಂದೇ ಹೊಲದಲ್ಲಿ ವರ್ಷ ವರ್ಷವೂ ಕಡಲೆ ಹಾಕದೆ ಬಿಳಿಜೋಳದ ಜೊತೆ ಸರದಿ ಮಾಡುವುದು, ಇವೆರಡನ್ನು ಯಾರೂ ಕಡೆಗಣಿಸಬಾರದು.

ಬಾದಾಮಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಭೂಮಿಯ ಶೇಂಗಾ ಬೆಳೆಗಾರರು ಎದುರಿಸುವ ಕಷ್ಟದ ಸ್ವರೂಪವೇ ಬೇರೆ. ಶೇಂಗಾ ನೆಲದ ಮೇಲೆ ಹೂ ಬಿಟ್ಟು ನೆಲದೊಳಗೆ ಕಾಯಿ ಕಟ್ಟುತ್ತದೆ. ಹೂವಿನ ಬುಡದಿಂದ ಹೊರಟ ಚೂಪಾದ ಕಡ್ಡಿ ಮಣ್ಣಿಗಿಳಿದರೆ ಮಾತ್ರ ಅದರ ತುದಿಯಲ್ಲಿ ಕಾಯಿ. ಮೇಲಿನ ಎರಡು ಇಂಚು ಮಣ್ಣು ಹೆಪ್ಪುಗಟ್ಟಿದ್ದರೆ ಆ ಕಡ್ಡಿ ಒಳಹೋಗಲಾರದೆ ಒಣಗುತ್ತದೆ, ಆಳದಲ್ಲಿ ತೇವವಿದ್ದು ಗಿಡ ಚೆನ್ನಾಗಿದ್ದರೂ ಸರಿಯೇ. ಒಳಹೋದ ಕಾಯಿಗೂ ಇನ್ನೊಂದು ತೊಂದರೆಯಿದೆ. ಕಾಯಿಗೆ ಬೇಕಾದ ಸುಣ್ಣದ ಅಂಶ ಬೇರಿನಿಂದ ಗಿಡದ ಮೂಲಕ ಬರುವುದಿಲ್ಲ, ಕಾಯಿ ಅದನ್ನು ತನ್ನ ಸುತ್ತಲಿನ ಮಣ್ಣಿನ ನೀರಿನಿಂದಲೇ ಹೀರಿಕೊಳ್ಳಬೇಕು. ಆ ಪದರ ಒಣಗಿದರೆ ಹೊಲಕ್ಕೆ ಹಾಕಿದ ಜಿಪ್ಸಂ ಕರಗದೆ ಉಳಿದು, ಸಿಪ್ಪೆ ದೊಡ್ಡದಾಗಿಯೂ ಒಳಗೆ ಜೊಳ್ಳಾಗಿಯೂ ಇರುವ ಕಾಯಿಗಳು ಹೆಚ್ಚುತ್ತವೆ. ಕೊನೆಯ ಮೂರು ನಾಲ್ಕು ವಾರ ಒಣಗಿ ಬಿಸಿಯಾದ ಮಣ್ಣಿನಲ್ಲಿ ಕಾಯಿಗೆ ಆಸ್ಪರ್ಜಿಲಸ್ ಬೂಷ್ಟು ತಗುಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಸಂಭವ ಹೆಚ್ಚು. ಇದು ತೂಕದಲ್ಲಿ ಕಾಣದ ನಷ್ಟ, ತಿನ್ನುವವರ ಯಕೃತ್ತಿಗೆ ತಾಗುವ ನಷ್ಟ. ಬರದ ವರ್ಷದಲ್ಲಿ ಮುದುರಿದ, ಬಣ್ಣಗೆಟ್ಟ, ಸಿಪ್ಪೆ ಒಡೆದ ಶೇಂಗಾವನ್ನು ಆರಿಸಿ ತೆಗೆಯದೆ ಹಿಂಡಿಗೋ ಹಿಟ್ಟಿಗೋ ಬಳಸಬಾರದೆಂದು ನಾನು ಮನೆಮನೆಗೂ ಹೇಳಲು ಬಯಸುತ್ತೇನೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಹುಕ್ಕೇರಿ ಭಾಗದ ಸೋಯಾ ಅವರೆಯ ಬಗ್ಗೆ ಇಷ್ಟೇ ಹೇಳುತ್ತೇನೆ: ಮೇಲೆ ಹೇಳಿದಂತೆ ಗಂಟುಗಳ ಕೆಲಸ ಬೇಗ ನಿಲ್ಲುವ ಬೆಳೆ ಅದು, ಕಾಯಿ ತುಂಬುವ ಆಗಸ್ಟ್ ಸೆಪ್ಟೆಂಬರಿನ ಒಣ ವಾರಗಳನ್ನು ಅದು ತಾಳಲಾರದು. ಹುರಳಿ ಮತ್ತು ಮಡಕಿಗಳು ಇದಕ್ಕೆ ತದ್ವಿರುದ್ಧ. ತೆಳು ಮಣ್ಣಿನ ಮೇಲೂ, ಎರಡು ಮೂರು ಮಳೆಯಲ್ಲೂ ಏನಾದರೊಂದು ಕೊಡುವ ಈ ಬೆಳೆಗಳು ನಮ್ಮ ಹೊಲಗಳಿಂದ ಹಿಂದೆ ಸರಿದಿರುವುದು ನನಗೆ ನೋವಿನ ವಿಷಯ.

ಇನ್ನು ಏನು ಮಾಡಬಹುದು ಎಂಬ ಪ್ರಶ್ನೆ. ಬ್ರಿಟಿಷರ ಕಾಲದಲ್ಲಿ, 1930ರ ದಶಕದಲ್ಲಿ, ಒಣ ಬೇಸಾಯದ ಸಂಶೋಧನೆಗಾಗಿ ಆರಿಸಿಕೊಂಡ ಕೆಲವೇ ಸ್ಥಳಗಳಲ್ಲಿ ಸೊಲ್ಲಾಪುರ, ರಾಯಚೂರು, ಹಗರಿಗಳ ಜೊತೆಗೆ ಅಂದಿನ ಬಿಜಾಪುರವೂ ಒಂದಾಗಿತ್ತು. ಅಂದಿನಿಂದ ಈ ನೆಲದಲ್ಲಿ ನಡೆದ ಪ್ರಯೋಗಗಳ ಸಾರ ಬಹುಮಟ್ಟಿಗೆ ಒಂದೇ: ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸಬೇಕು. ಹಿಂಗಾರಿಗಾಗಿ ಬೀಳು ಬಿಟ್ಟ ಹೊಲದಲ್ಲಿ ಜುಲೈ ತಿಂಗಳಲ್ಲೇ ಸಣ್ಣ ಬದುಗಳಿಂದ ಚೌಕುಮಡಿ ಕಟ್ಟುವುದು ಇವುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಮತ್ತು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಫಲ ಕೊಟ್ಟದ್ದು. ಎರೆ ಭೂಮಿ ಒಮ್ಮೆ ನೆನೆದ ಮೇಲೆ ನೀರನ್ನು ಬಹಳ ನಿಧಾನವಾಗಿ ಒಳಗೆ ಬಿಡುತ್ತದೆ. ಬಿರುಸಿನ ಮಳೆಯಲ್ಲಿ ಹರಿದು ಹೋಗಬೇಕಾದ ನೀರನ್ನು ಆ ಮಡಿಗಳು ಒಂದೆರಡು ದಿನ ಹಿಡಿದು ನಿಲ್ಲಿಸಿದರೆ ಕಡಲೆಗೆ ಕೊನೆಯಲ್ಲಿ ಬೇಕಾದ ತೇವ ಅಷ್ಟರಮಟ್ಟಿಗೆ ಆಳದಲ್ಲಿ ಉಳಿಯುತ್ತದೆ. ಬಿತ್ತುವಾಗ ಬೀಜ ಒಣ ಪದರ ದಾಟಿ ಹಸಿಗೆ ಮುಟ್ಟುವಂತೆ ಕೂರಿಗೆಯನ್ನು ಆಳಕ್ಕಿಡುವುದು, ಬೀಜಕ್ಕೆ ರೈಜೋಬಿಯಂ ಲೇಪಿಸುವುದು, ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದು, ಇವೆಲ್ಲ ಹೊಸ ಮಾತುಗಳಲ್ಲ. ರೈಜೋಬಿಯಂ ಬಗ್ಗೆ ಮಾತ್ರ ಒಂದು ಮಾತು ಸೇರಿಸಬೇಕು: ಬೇಸಿಗೆಯಲ್ಲಿ ನಮ್ಮ ಮೇಲ್ಮಣ್ಣು ಕಾಯುವ ಬಿಸಿಗೆ ಈ ಸೂಕ್ಷ್ಮಾಣುಗಳ ಸಂಖ್ಯೆ ತೀರಾ ಇಳಿಯುತ್ತದೆ, ಆದ್ದರಿಂದ ಹೋದ ವರ್ಷ ಹಾಕಿದ್ದೇವೆ ಎಂದು ಈ ವರ್ಷ ಬಿಡುವುದು ಸರಿಯಲ್ಲ.

ಕೃಷಿ ಹೊಂಡದಲ್ಲಿಯೋ ಬಾವಿಯಲ್ಲಿಯೋ ಒಂದೇ ಒಂದು ಬಾರಿ ಕೊಡುವಷ್ಟು ನೀರಿದ್ದವರು ಅದನ್ನು ಯಾವಾಗ ಕೊಡಬೇಕು ಎಂಬುದರಲ್ಲಿ ಈ ಬರಹದ ಮುಖ್ಯ ಮಾತೇ ಅಡಗಿದೆ. ಗಿಡ ಬಾಡುವವರೆಗೆ ಕಾಯ್ದರೆ ತಡವಾಯಿತು. ಕಡಲೆಗೆ ಕೊಂಬೆಯೊಡೆದು ಹೂ ಆರಂಭವಾಗುವ ಮುನ್ನ, ಅಥವಾ ಆಗ ತೇವ ಸಾಕಷ್ಟಿದ್ದರೆ ಕಾಯಿ ತುಂಬತೊಡಗಿದಾಗ, ತುಂತುರು ಪೈಪಿನಿಂದ ಹಗುರವಾಗಿ ಕೊಡುವುದು ಒಳ್ಳೆಯದು. ಹೂವು ತುಂಬಿ ನಿಂತ ಹೊತ್ತಿನಲ್ಲಿ ಎರೆ ಭೂಮಿಗೆ ನೀರು ಹರಿಯಬಿಟ್ಟರೆ ಬೇರಿಗೆ ಉಸಿರು ಕಟ್ಟಿ ಹೂ ಉದುರುತ್ತದೆ, ಗಿಡ ಕಾಯಿ ಬಿಟ್ಟು ಮತ್ತೆ ಎಲೆಯ ಕಡೆಗೆ ತಿರುಗುತ್ತದೆ. ತೊಗರಿಗೆ ಹೂ ಮೊಗ್ಗು ಕಾಣಿಸಿದಾಗ ಒಂದು ನೀರು, ಹೂವಿನಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶ ಮಿಶ್ರಣದ ಸಿಂಪಡಣೆ. ಸಿಂಪಡಣೆ ಗಂಟುಗಳು ಕೊಡಲಾರದೆ ಹೋದ ಪೋಷಕಾಂಶವನ್ನು ಸ್ವಲ್ಪ ಮಟ್ಟಿಗೆ ಎಲೆಯ ಮೂಲಕ ತುಂಬುತ್ತದೆ, ನೀರಿನ ಬದಲಿಗೆ ಅದು ನಿಲ್ಲಲಾರದು.

ಬೆಳೆ ಹಾನಿಯ ಸಮೀಕ್ಷೆ ಮಾಡುವವರಿಗೂ ನನ್ನದೊಂದು ಕೋರಿಕೆಯಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯಲ್ಲಿ ಅಂತಿಮ ಪರಿಹಾರ ಬೆಳೆ ಕಟಾವು ಪ್ರಯೋಗದ ಇಳುವರಿಯ ಮೇಲೆ ನಿಂತಿರುವುದು ನ್ಯಾಯವಾದದ್ದೇ. ಆದರೆ ಹಂಗಾಮಿನ ನಡುವೆ, ನಿರೀಕ್ಷಿತ ಇಳುವರಿ ವಾಡಿಕೆಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಕಂಡಾಗ ಸಂಭವನೀಯ ಪರಿಹಾರದ ಶೇ 25ರವರೆಗೆ ಮುಂಗಡವಾಗಿ ಕೊಡುವ ಅವಕಾಶವೂ ಅದರಲ್ಲಿದೆ, ಮತ್ತು ಆ ನಿರೀಕ್ಷೆಯನ್ನು ಅಂದಾಜಿಸುವಾಗ ಹೊಲದ ಹಸಿರಿಗೆ ಸಲ್ಲದ ತೂಕ ಬೀಳುತ್ತದೆ. ಉಪಗ್ರಹವೂ ಹಸಿರನ್ನೇ ಅಳೆಯುತ್ತದೆ. ಜೋಳದ ಎಲೆ ಸುತ್ತಿಕೊಂಡು ಒಣಗಿದ್ದು ದೂರದಿಂದಲೇ ಕಾಣುತ್ತದೆ. ತೊಗರಿಯ ಹೂ ಉದುರಿದ್ದು ಕಾಣುವುದಿಲ್ಲ. ಆದ್ದರಿಂದ ದ್ವಿದಳ ಬೆಳೆಗಳ ಸಮೀಕ್ಷೆಗೆ ಹೋಗುವವರು ಬದುವಿನ ಮೇಲೆ ನಿಂತು ಬರೆದುಕೊಳ್ಳದೆ ಹೊಲದೊಳಗೆ ಮೂಲೆಯಿಂದ ಮೂಲೆಗೆ ನಡೆದು, ಹತ್ತು ಗಿಡಗಳನ್ನು ಆರಿಸಿ, ಕಾಳು ಕೂಡಿದ ಕಾಯಿಗಳನ್ನು ಎಣಿಸಲಿ. ರೈತರೂ ತಮ್ಮ ಹೊಲದಲ್ಲಿ ಅದನ್ನೇ ಮಾಡಿ ಫೋಟೋ ಸಮೇತ ಇಟ್ಟುಕೊಳ್ಳಲಿ. ಹೆಸರಿಗೆ ಆಶ್ಲೇಷ ಮಳೆಯಿಂದ ಮಘಾ ಮಳೆಯವರೆಗೆ, ತೊಗರಿಗೆ ನವೆಂಬರಿನ ಕೊನೆಯ ಎರಡು ವಾರ, ಕಡಲೆಗೆ ಎಳ್ಳ ಅಮಾವಾಸ್ಯೆಯಲ್ಲಿ ಚರಗ ಚೆಲ್ಲಲು ಹೇಗೂ ಎಲ್ಲರೂ ಹೊಲಕ್ಕೆ ಹೋಗುವ ದಿನಗಳು ಈ ಎಣಿಕೆಗೆ ತಕ್ಕ ಹೊತ್ತು. ಅದಕ್ಕಿಂತ ಒಂದು ತಿಂಗಳು ಮೊದಲು ನಾಲ್ಕು ಗಿಡ ಅಗೆದು ಬೇರುಗಂಟು ಸೀಳಿ ನೋಡಿದವರಿಗೆ ಆ ಎಣಿಕೆ ಎಷ್ಟು ಬರಬಹುದೆಂಬ ಸುಳಿವೂ ಸಿಕ್ಕಿರುತ್ತದೆ.